ಚಾಮುಂಡಿ ಬೆಟ್ಟದ ಮೇಲೆ ಕಾಲ ಬೇಗ ಸಾಗುವುದೇ?

ಮಂಡ್ಯದ ವಿದ್ಯಾರ್ಥಿನಿ: ಗುರುತ್ವ ಹೆಚ್ಚಿರುವಲ್ಲಿ ಕಾಲ ನಿಧಾನವಾಗಿ ಸಾಗುತ್ತದೆಂದು ಓದಿದ್ದೇನೆ. ಹಾಗಾದರೆ ಮೈಸೂರು ನಗರಕ್ಕೂ ಚಾಮುಂಡಿ ಬೆಟ್ಟದ ತುದಿಗೂ ವ್ಯತ್ಯಾಸವಿರಬೇಕಲ್ಲವೇ? ತಿಳಿದವರು ದಯವಿಟ್ಟು ವಿವರಿಸಿ.

ಮೈಸೂರಿನ ಭೌತಶಾಸ್ತ್ರ ಉಪನ್ಯಾಸಕ: ಖಂಡಿತ ಇದೆ. ತುದಿಯು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿಟ್ಟ ಪರಮಾಣು ಗಡಿಯಾರವು ಕೆಳಗಿನದಕ್ಕಿಂತ ವರ್ಷಕ್ಕೆ ಸುಮಾರು ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು, ಮುಂದೆ ಹೋಗುತ್ತದೆ. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಎಂಬ ಭೌತವಿಜ್ಞಾನಿಗಳು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೇವಲ 22.5 ಮೀಟರ್ ಎತ್ತರದ ಅಂತರದಲ್ಲೇ ಗಾಮಾ ಕಿರಣಗಳ ಆವರ್ತನ (ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದು; ಇದು ಗಡಿಯಾರದ ಮಿಡಿತವಿದ್ದಂತೆ) ಬದಲಾಗುವುದನ್ನು ಅಳೆದರೆಂಬುದು ನನಗೆ ಅತ್ಯಂತ ಬೆರಗಿನ ಸಂಗತಿ.

ಮತ್ತೊಬ್ಬ ಓದುಗರು: ಇಲ್ಲಿ ಲೆಕ್ಕಕ್ಕೆ ಬರುವುದು ಗುರುತ್ವ ಬಲಕ್ಕಿಂತ ಗುರುತ್ವ ವಿಭವದ (ಒಂದು ಕಿಲೋ ವಸ್ತುವಿಗೆ ಅದಿರುವ ಎತ್ತರದಿಂದ ಬರುವ ಶಕ್ತಿಯ) ವ್ಯತ್ಯಾಸ ಎಂಬುದನ್ನು ಸೇರಿಸಬೇಕು.

ನಿವೃತ್ತ ಎಂಜಿನಿಯರ್: ಜಿಪಿಎಸ್ ಉಪಗ್ರಹಗಳ ಗಡಿಯಾರಗಳು, ಅವುಗಳ ವೇಗದಿಂದಾಗುವ ಹಿನ್ನಡೆಯನ್ನು ಕಳೆದ ಮೇಲೂ, ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ, ಆದ್ದರಿಂದಲೇ ಅವುಗಳನ್ನು ಉಡಾವಣೆಗೆ ಮೊದಲೇ ತುಸು ನಿಧಾನಗೊಳಿಸಲಾಗುತ್ತದೆ.