ಉತ್ತರ: 'ಆಸ್ಟ್ರಸಿಸಂ'ಗೆ ಕನ್ನಡದಲ್ಲಿ ಏನು? (ಗುರುವಾರದೊಳಗೆ ಬೇಕು)

> ಹೈಸ್ಕೂಲು ಮಕ್ಕಳ ಇತಿಹಾಸ ಪ್ರದರ್ಶನಕ್ಕೆ ಪ್ರಾಚೀನ ಅಥೆನ್ಸಿನ ಫಲಕ ಬರೆಯುತ್ತಿದ್ದೇನೆ. ಆಸ್ಟ್ರಸಿಸಂ ಎಂಬಲ್ಲಿ 'ಬಹಿಷ್ಕಾರ' ಎಂದು ಹಾಕಲೇ? ಗುರುವಾರ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ.

ದಯವಿಟ್ಟು ಹಾಕಬೇಡಿ.

ಬಹಿಷ್ಕಾರ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಊರ ಬಾವಿಯಲ್ಲಿ ನೀರು ಸೇದಬಾರದು, ಅಂಗಡಿಯಲ್ಲಿ ಸಾಮಾನು ಕೊಡಬಾರದು, ಮದುವೆಗೆ ಕರೆಯಬಾರದು ಎನ್ನುವ ಕಟ್ಟು. ಅಥೆನ್ಸಿನದು ಅದಲ್ಲ. ಅಲ್ಲಿ ಜನರೇ ಮತ ಹಾಕಿ ಒಬ್ಬನನ್ನು ಊರಿನಿಂದ ದೂರ ಕಳಿಸುತ್ತಿದ್ದರು. ಹೆಚ್ಚು ಮತದಲ್ಲಿ ಹೆಸರು ಬಂದವನು ಹತ್ತು ದಿನದೊಳಗೆ ಊರು ಬಿಡಬೇಕು, ಹತ್ತು ವರ್ಷ ಮರಳಬಾರದು. ಹೊಲ ಮನೆ ಅವನದೇ, ಅದರ ಆದಾಯವೂ ಅವನಿಗೇ, ಪೌರತ್ವಕ್ಕೆ ಕುಂದಿಲ್ಲ. ಆರೋಪಪಟ್ಟಿಯೂ ಇಲ್ಲ, ವಿಚಾರಣೆಯೂ ಇಲ್ಲ. ಅಥೆನ್ಸಿನ ನಾಯಕ ಅರಿಸ್ಟೈಡಿಸನನ್ನು ಕ್ರಿ.ಪೂ. 482ರಲ್ಲಿ ಹೀಗೆ ಕಳಿಸಿದರು. 480ರಲ್ಲಿ ಪರ್ಷಿಯನ್ನರು ದಂಡೆತ್ತಿ ಬಂದಾಗ ಅಥೆನ್ಸಿನವರೇ ವಾಪಸ್ ಕರೆಸಿಕೊಂಡರು. ಮರುವರ್ಷ ಪ್ಲಟೀಯದ ಕಾಳಗದಲ್ಲಿ ಅಥೆನ್ಸಿನ ಪಡೆಗೆ ಅವನೇ ಸೇನಾನಿ. ಬಹಿಷ್ಕೃತನೆಂದು ಬರೆದರೆ ಈ ಕತೆ ಮಕ್ಕಳ ತಲೆಗೆ ಹೋಗುವುದೇ ಇಲ್ಲ.

> ಗಡೀಪಾರು ಸಾಕು. ಇಷ್ಟಕ್ಕೆ ಚರ್ಚೆ ಯಾಕೆ?

ಸಾಲದು. ಗಡೀಪಾರು ಪೊಲೀಸರು ರೌಡಿಗಳ ಮೇಲೆ ಹೊರಡಿಸುವ ಆದೇಶ. ಅದರಲ್ಲಿ ಜನರ ಮತ ಎಲ್ಲಿದೆ? ಗ್ರೀಕರ ಮೂಲಪದದಲ್ಲಿ ಓಡಿಸುವುದರ ಸುಳಿವೂ ಇಲ್ಲ. ಒಸ್ಟ್ರಕಾನ್ ಎಂದರೆ ಮಡಕೆ ಚೂರು. ಜನ ಅಗೋರಾ ಎಂಬ ಪೇಟೆ ಚೌಕದಲ್ಲಿ ಸೇರಿ, ಒಡೆದ ಮಡಕೆಯ ಚೂರಿನ ಮೇಲೆ ತಮಗೆ ಬೇಡದವನ ಹೆಸರು ಗೀರಿ ಹಾಕುತ್ತಿದ್ದರು. ಒಟ್ಟು 6,000 ಚೂರಾದರೂ ಬೀಳಬೇಕು, ಇಲ್ಲವಾದರೆ ಆ ವರ್ಷ ಯಾರೂ ಹೋಗಬೇಕಿಲ್ಲ. ಕೆರಮೈಕಾಸ್ ಎಂಬ ಕುಂಬಾರರ ಕೇರಿಯಲ್ಲಿ ಇಂಥವು 8,000ಕ್ಕೂ ಹೆಚ್ಚು ಸಿಕ್ಕಿವೆ. ಅಕ್ರೋಪೊಲಿಸ್ ಗುಡ್ಡದ ಬಡಗಣ ಇಳಿಜಾರಿನ ಒಂದು ಬಾವಿಯಲ್ಲಂತೂ ಸುಮಾರು 190, ಹೆಚ್ಚುಕಡಿಮೆ ಎಲ್ಲದರ ಮೇಲೂ 'ಥೆಮಿಸ್ಟೊಕ್ಲೀಸ್, ನಿಯೋಕ್ಲೀಸನ ಮಗ' ಎಂದು ಅಥೆನ್ಸಿನ ಒಬ್ಬನೇ ನಾಯಕನ ಹೆಸರಿದೆ. ಅಕ್ಷರ ನೋಡಿದರೆ ಬರೆದ ಕೈಗಳು ಹದಿನೈದೂ ಇಲ್ಲ. ಯಾರೋ ಮೊದಲೇ ಗೀಚಿಟ್ಟುಕೊಂಡು ಹಂಚಲು ತಂದಿದ್ದರು! ಫಲಕದಲ್ಲಿ ಜಾಗವಿದ್ದರೆ ಇದನ್ನು ಖಂಡಿತ ಸೇರಿಸಿ.

ಆದ್ದರಿಂದ ಕನ್ನಡ ಪದದಲ್ಲಿ ಚೂರು ಇರಲೇಬೇಕು. ನನ್ನ ಮನಸ್ಸಿಗೆ ಹತ್ತಿರವಾದದ್ದು 'ಓಡು'. ಒಸ್ಟ್ರಕಾನ್ ಮಡಕೆ ಚೂರೂ ಹೌದು, ಚಿಪ್ಪೂ ಹೌದು. ಮೂಳೆಗೆ ಗ್ರೀಕರು ಹೇಳುವ ಒಸ್ಟೆಯಾನ್ ಅದರ ಬಳಗದ್ದೇ. ನಮ್ಮ ಓಡೂ ಹಾಗೇ: ಮಡಕೆ ಚೂರು, ಮಾಡಿನ ಹೆಂಚು, ತಲೆಯೋಡು. ನುಡಿಗಳಿಗೆ ನಂಟಿಲ್ಲದಿದ್ದರೂ ಕಂಡ ಕಣ್ಣು ಒಂದೇ. ಆದರೆ 'ಓಡುಮತ' ಎಂದರೆ ಮಕ್ಕಳು ಓಟಕ್ಕೇ ಹೋಗುತ್ತಾರೆ, ಅದಕ್ಕೆ ಒಲ್ಲದ ಮನಸ್ಸಿನಿಂದ ಬಿಟ್ಟೆ. ಕುಂಟೆಬಿಲ್ಲೆ ಆಡಿದವರಿಗೆಲ್ಲ ಗೊತ್ತಿರುವ 'ಬೋಕಿ' ಇದೆ, ಅದೂ ಮಡಕೆ ಚೂರೇ. 'ಬೋಕಿ ಮತದಾನ' ಎನ್ನಿ. 'ಬೋಕಿಮತ' ಎಂದು ಚುಟುಕು ಮಾಡಬೇಡಿ, ಜೈನಮತ, ಶೈವಮತ ಎಂಬಂತೆ ಕೇಳುತ್ತದೆ.

> ಮತದಾನ ಸಂಸ್ಕೃತ. 'ಹೊರದಬ್ಬುಗೆ' ಅಚ್ಚಗನ್ನಡ, ಅದನ್ನೇ ಬಳಸಿ.

ಒಪ್ಪಲಾರೆ. ಕತ್ತು ಹಿಡಿದು ಆಚೆ ನೂಕಿದ ಹಾಗಿದೆ. ಚುನಾವಣೆ ಬಂದಾಗ ಹಳ್ಳಿಯ ಗೋಡೆಗೋಡೆಯ ಮೇಲೂ ಇರುವ 'ಮತದಾನ' ಯಾರಿಗೆ ಪರಕೀಯ? ಹಾಗೆ ಸೋಸಲು ಕೂತರೆ ಕೇಂದ್ರವನ್ನೂ ಬಿಡಬೇಕಾಗುತ್ತದೆ. ಅದು ಗ್ರೀಕಿನ ಕೆಂಟ್ರಾನ್. 'ಹೋರಾ' ಎಂಬ ಇನ್ನೊಂದು ಗ್ರೀಕ್ ಪದದ ಜೊತೆಗೆ ಜ್ಯೋತಿಷದ ಹಾದಿಯಲ್ಲಿ ಸಂಸ್ಕೃತಕ್ಕೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂತು. 'ಕೇಂದ್ರ ಸರ್ಕಾರ' ಎನ್ನುವಾಗ ಯಾರಿಗೂ ನಾಲಿಗೆ ತೊಡರುವುದಿಲ್ಲ. ಎರವಲು ತರುವುದೇ ಆದರೆ ಇಂಗ್ಲಿಷಿನ ಬಾಯಿಂದ ತರಬೇಡಿ, ಗ್ರೀಕಿನಲ್ಲಿದ್ದಂತೆ 'ಒಸ್ಟ್ರಕಿಸ್ಮೋಸ್' ಎಂದೇ ತನ್ನಿ ಎಂಬುದಷ್ಟೇ ನನ್ನ ಹಟ.

ಕೇಳಿದವರಿಗೆ: ಶೀರ್ಷಿಕೆ 'ಬೋಕಿ ಮತದಾನ'. ಅದರ ಕೆಳಗೆ ಸಣ್ಣಕ್ಷರದಲ್ಲಿ, 'ಒಸ್ಟ್ರಕಿಸ್ಮೋಸ್: ಮಡಕೆ ಚೂರಿನ ಮೇಲೆ ಹೆಸರು ಬರೆದು, ಒಬ್ಬನನ್ನು ಹತ್ತು ವರ್ಷ ಊರಿನಿಂದ ದೂರವಿಡುವ ಅಥೆನ್ಸಿನ ಪದ್ಧತಿ.' ಪ್ರೂಫನ್ನು ಬುಧವಾರ ರಾತ್ರಿಯೊಳಗೆ ಇಲ್ಲೇ ಹಾಕಿ, ನೋಡಿಕೊಡುತ್ತೇನೆ.