ಎಂಜಿನ್ ಬಡಿತ, ಮಿಸ್ಸಿಂಗ್, ಬ್ಯಾಕ್ ಕಂಪ್ರೆಷನ್: ಸೂಪರ್‌ಚಾರ್ಜರ್ ಹಾಕಿದ ಗಾಡಿಗೆ ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ.

ಕೋಲಾರದ ಹೆದ್ದಾರಿ ಪಕ್ಕದ ಗ್ಯಾರೇಜೊಂದರ ಹುಡುಗರಿಗೆ ಕನ್ನಡದಲ್ಲಿ ಒಂದು ತಪಾಸಣೆ ಹಾಳೆ ಬರೆದುಕೊಡುತ್ತಿದ್ದೇನೆ. ಪೆಟ್ರೋಲ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದ ಮೇಲೆ ಗಾಡಿ ತೊಂದರೆ ಕೊಟ್ಟರೆ ಎಲ್ಲಿಂದ ಹುಡುಕಬೇಕು, ಏನನ್ನು ಮೊದಲು ನೋಡಬೇಕು ಅನ್ನುವುದು ವಿಷಯ. ಗಾಡಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಓಡಿಸಲು ಸಿದ್ಧವಾಗುತ್ತಿರುವುದು. ರಸ್ತೆ ಮೇಲಿನ ಗಾಡಿಯನ್ನು ಹೀಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ, ಅದು ಬೇರೆ ಮಾತು.

ಸೂಪರ್‌ಚಾರ್ಜರ್‌ಗೆ ನಾನು ಕನ್ನಡ ಹೆಸರು ಕೇಳುತ್ತಿಲ್ಲ. ಎಂಜಿನ್ ಬೆಲ್ಟಿನಿಂದಲೇ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಜರ್ಮನರು ಅದನ್ನು ‘ಕೊಂಪ್ರೆಸರ್’ ಅನ್ನುತ್ತಾರೆ. ಮರ್ಸಿಡಿಸ್ ಕಾರುಗಳ ಹಿಂದೆ ಆ ಹೆಸರಿನ ಪಟ್ಟಿಯನ್ನು ನೀವೂ ನೋಡಿರಬಹುದು. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಇಂಥ ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದಾಗ ಕಾರೇ ಇರಲಿಲ್ಲ. ಕುಲುಮೆಗಳಿಗೆ ಗಾಳಿ ಊದಲು ಅದನ್ನು ಬಳಸಿದರು. ಹಾಗೆ ನೋಡಿದರೆ ನಮ್ಮ ಕಮ್ಮಾರರ ‘ತಿದಿ’ ಅದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೂ ಗ್ಯಾರೇಜಿನಲ್ಲಿ ಎಲ್ಲರೂ ಸೂಪರ್‌ಚಾರ್ಜರ್ ಅಂತಲೇ ಅನ್ನುವಾಗ ಅದನ್ನು ಬದಲಿಸುವುದು ಬೇಡ. ಹಾಳೆಯ ಮೇಲ್ಭಾಗದಲ್ಲಿ ಒಂದು ಸಾಲು ಮಾತ್ರ ಸೇರಿಸಿದ್ದೇನೆ: ಇದು ಟೆಸ್ಲಾದವರು ಬ್ಯಾಟರಿ ಚಾರ್ಜ್ ಮಾಡುವ ಕೇಂದ್ರಕ್ಕೆ ಇಟ್ಟಿರುವ ಹೆಸರಲ್ಲ ಅಂತ. ಈಗಿನ ಹುಡುಗರಿಗೆ ಮೊದಲು ಹೊಳೆಯುವುದು ಅದೇ ಅರ್ಥ.

ನನಗೆ ತೊಡಕಾಗಿರುವುದು ಯಂತ್ರದ ಹೆಸರಲ್ಲ, ರೋಗಗಳ ಹೆಸರು.

ಮೊದಲು ‘ನಾಕಿಂಗ್’. ಅದನ್ನು ‘ಬಡಿತ’ ಅಂತ ಬರೆದರೆ ಸಾಕಲ್ವಾ ಅಂತ ಕೆಲವರು ಹೇಳಿದರು. ನನಗೆ ಎರಡು ಕಾರಣಕ್ಕೆ ಒಪ್ಪಿಗೆ ಆಗಲಿಲ್ಲ. ಒಂದು, ಕನ್ನಡದಲ್ಲಿ ಎದೆಬಡಿತ ಇರುವುದು ಆರೋಗ್ಯದ ಗುರುತು. ಇಲ್ಲಿ ಹೇಳಬೇಕಾಗಿರುವುದು ಪಿಸ್ಟನ್ ಒಡೆಯುವಂಥ ಅಪಾಯ. ಎರಡನೆಯದು ಇನ್ನೂ ಮುಖ್ಯ. ಬಡಿತ ಅಂದ ಕೂಡಲೇ ಕಿವಿ ದಪ್ಪ ಸದ್ದನ್ನು ಹುಡುಕುತ್ತದೆ. ಆದರೆ ನಾಕಿಂಗ್ ಸದ್ದು ದಪ್ಪ ಅಲ್ಲ, ಸಣ್ಣ, ಚೂಪು. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಹರಡುತ್ತಾ ಬರುತ್ತದೆ. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ತಾನಾಗಿ ಹತ್ತಿಕೊಂಡರೆ ಸಿಲಿಂಡರಿನೊಳಗೆ ಒತ್ತಡದ ಅಲೆ ಎದ್ದು ಲೋಹ ಅದುರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದರ ಕಂಪನ ಸುಮಾರು 6ರಿಂದ 7 ಕಿಲೋಹರ್ಟ್ಸ್. ನಾಕ್ ಸೆನ್ಸರ್ ಕಿವಿಗೊಡುವುದೂ ಅದಕ್ಕೇ. ಸೂಪರ್‌ಚಾರ್ಜರ್ ಹಾಕಿದ ಮೇಲೆ ಸಿಲಿಂಡರಿಗೆ ಹೋಗುವ ಗಾಳಿ ಜಾಸ್ತಿ, ಅದರ ಬಿಸಿಯೂ ಜಾಸ್ತಿ. ಹಾಗಾಗಿ ಈ ರೋಗ ಬೇಗ ಬರುತ್ತದೆ. ಕಡಿಮೆ ಆಕ್ಟೇನ್ ಪೆಟ್ರೋಲ್, ಮುಂದಾದ ಟೈಮಿಂಗ್ (ಕಿಡಿ ಬೇಗ ಬರುವುದು), ಬೇಕಾದಷ್ಟು ಬಾರದ ಪೆಟ್ರೋಲ್, ಇವು ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತವೆ.

ಹೀಗಾಗಿ ‘ಬಡಿತ’ ಬಿಟ್ಟು ನಮ್ಮ ಅನುಕರಣ ಪದಗಳ ಕಡೆ ಹೋದೆ. ಕನ್ನಡದಲ್ಲಿ ಅವಕ್ಕೆ ಬರವೇ ಇಲ್ಲ. ಹಾಳೆಯಲ್ಲಿ ಈಗ ಹೀಗಿದೆ. ಲೋಡ್ ಬಿದ್ದಾಗ, ಅಂದರೆ ದಿಬ್ಬ ಹತ್ತುವಾಗ ಅಥವಾ ಆಕ್ಸಿಲರೇಟರ್ ಪೂರ್ತಿ ತುಳಿದಾಗ, ‘ಕಣಕಣ’ ಅಂದರೆ ನಾಕಿಂಗ್. ತಕ್ಷಣ ಕಾಲು ತೆಗೆಯಬೇಕು. ಇನ್ನೊಮ್ಮೆ ಕೇಳಿಸಿಕೊಳ್ಳೋಣ ಅಂತ ಮತ್ತೆ ತುಳಿಯಬಾರದು. ಐಡ್ಲಿಂಗ್‌ನಲ್ಲೇ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗಲೇ) ‘ಟಿಕ್ ಟಿಕ್’ ಅಂದರೆ ವಾಲ್ವ್ ಒತ್ತುವ ಟ್ಯಾಪೆಟ್. ಅದರ ಲಯ ಎಂಜಿನ್ ವೇಗದ ಅರ್ಧ: ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಒಂದು ವಾಲ್ವ್ 400 ಸಲ ತೆರೆಯುತ್ತದೆ. ತಳದಿಂದ ‘ದಡ್ ದಡ್’ ಅಂದರೆ ಬೇರಿಂಗ್, ಆಗ ಗಾಡಿ ಓಡಿಸಲೇಬಾರದು. ‘ಕಟಕಟ’ ಅಂತ ಮೇಲಿನಿಂದ ಬಂದು, ರೇಸ್ ಕೊಟ್ಟರೆ ಕಡಿಮೆಯಾದರೆ, ಸೂಪರ್‌ಚಾರ್ಜರ್ ಮೂತಿಯೊಳಗಿನ ಕಪ್ಲರ್ (ತಿರುಗುವ ಭಾಗಗಳನ್ನು ಜೋಡಿಸುವ ತುಂಡು) ಸವೆದಿರಬಹುದು. ಅದರ ಬೆಲ್ಟ್ ಬೇರೆಯದಾಗಿದ್ದರೆ, ಬೆಲ್ಟ್ ಕಳಚಿ ಒಂದು ಗಳಿಗೆ ಎಂಜಿನ್ ಓಡಿಸಿ ನೋಡಬಹುದು. ಸದ್ದು ನಿಂತರೆ ಎಂಜಿನ್ ತಪ್ಪಲ್ಲ.

ಇಲ್ಲಿ ನನ್ನ ಪ್ರಶ್ನೆ: ‘ಕಣಕಣ’ ನಿಮ್ಮ ಕಡೆ ಯಾವ ಸದ್ದು? ಕೋಲಾರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಗ್ಯಾರೇಜಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೆರೆತಿರುತ್ತವೆ. ಒಬ್ಬ ಹುಡುಗ ಇದನ್ನೇ ‘ಟಿಣಿಟಿಣಿ’ ಅಂದ, ಇನ್ನೊಬ್ಬ ‘ಚಿಟಚಿಟ’ ಅಂದ. ಎಣ್ಣೆಗೆ ಸಾಸಿವೆ ಬಿದ್ದಾಗ ಬರುವ ಸದ್ದನ್ನು ನಾವೆಲ್ಲ ಚಿಟಚಿಟ ಅನ್ನುವುದರಿಂದ ನನಗೆ ಅದು ಅಷ್ಟು ಹಿಡಿಸಲಿಲ್ಲ. ಆದರೆ ಹೆಚ್ಚು ಜನ ಹಾಗೇ ಕೇಳಿಸಿಕೊಳ್ಳುವುದಾದರೆ ಹಾಳೆಗೂ ಅದೇ ಇರಲಿ.

ಎರಡನೆಯದು ‘ಲೀಕ್’. ನ್ಯೂಸ್ ಪೇಪರಿನಲ್ಲಿ ಅನಿಲ ಸೋರಿಕೆ ಅಂತ ಬರೆಯುತ್ತಾರೆ, ಸರಿ. ಆದರೆ ಮಾತಿನಲ್ಲಿ ಸೋರುವುದು ನೀರು, ಎಣ್ಣೆ, ಮಳೆಗಾಲದ ಮನೆ. ಟೈರಿನ ಗಾಳಿ ‘ಹೋಗುತ್ತದೆ’, ‘ಇಳಿಯುತ್ತದೆ’. ಸೂಪರ್‌ಚಾರ್ಜರ್ ಗಾಡಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಪ್ಯಾಕಿಂಗ್ ಒಂದು ಕಡೆ ಹರಿದಿದೆ ಅಂದುಕೊಳ್ಳಿ. ಐಡ್ಲಿಂಗ್‌ನಲ್ಲಿ ಒಳಗೆ ಒತ್ತಡ ಕಡಿಮೆ, ಅದೇ ತೂತು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಪೂರ್ತಿ ತುಳಿದಾಗ ಒಳಗೇ ಒತ್ತಡ ಜಾಸ್ತಿ, ಈಗ ಅದೇ ತೂತು ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಒಂದೇ ತೂತು, ಎರಡು ಬೇರೆ ಬೇರೆ ತೊಂದರೆ! ಮೊದಲನೆಯದರಲ್ಲಿ ಐಡ್ಲಿಂಗ್ ಏರುಪೇರು, ಎರಡನೆಯದರಲ್ಲಿ ಪಿಕಪ್ ಇಲ್ಲ. ‘ಲೀಕ್’ ಅಂದರೂ ‘ಸೋರಿಕೆ’ ಅಂದರೂ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹುಡುಗರ ಬಾಯಲ್ಲಿ ಆಗಲೇ ಇರುವ ‘ಏರ್ ಎಳೀತಿದೆ’, ‘ಏರ್ ಬಿಡ್ತಿದೆ’ ಎಷ್ಟು ಚೆನ್ನಾಗಿವೆ ನೋಡಿ. ಅವನ್ನೇ ‘ಗಾಳಿ ಎಳೆತ’, ‘ಗಾಳಿ ಬಿಡುವುದು’ ಅಂತ ತೆಗೆದುಕೊಂಡಿದ್ದೇನೆ. ಎರಡನೆಯದಕ್ಕೂ ಎಳೆತದ ಹಾಗೆ ಒಂದು ಚಿಕ್ಕ ನಾಮಪದ ಬೇಕು. ‘ಬಿಡಿತ’ ಅಂತ ಎಲ್ಲಾದರೂ ಬಳಕೆ ಇದೆಯಾ?

‘ಮಿಸ್ಸಿಂಗ್’ (ಸಿಲಿಂಡರಿನಲ್ಲಿ ಕೆಲವು ಸಲ ಬೆಂಕಿ ಹತ್ತದೆ ಹೋಗುವುದು) ಹಾಗೇ ಇರಲಿ, ಅದು ಕನ್ನಡವೇ ಆಗಿಹೋಗಿದೆ. ಜೊತೆಗೆ ‘ಯಾವಾಗ’ ಅಂತ ಒಂದು ಕಾಲಮ್ ಮಾತ್ರ ಇಟ್ಟಿದ್ದೇನೆ. ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚಿನ ಒತ್ತಡ) ಬಂದಾಗ ಮಾತ್ರ ಮಿಸ್ಸಿಂಗ್ ಹೊಡೆದರೆ ಮೊದಲು ನೋಡಬೇಕಾದ್ದು ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಮತ್ತು ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್. ಒತ್ತಡ ಹೆಚ್ಚಿದಷ್ಟೂ ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು, ಅದಕ್ಕೇ ಗ್ಯಾಪ್ ಸ್ವಲ್ಪ ಕಡಿಮೆ ಇಡುತ್ತಾರೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಪಿ0300, ಅಂದರೆ ಮಿಸ್ಸಿಂಗ್‌ನ ಕೋಡ್, ಬರಬಹುದು. ಇದರಲ್ಲಿ ಒಂದು ಮೋಸ ಇದೆ. ಉರಿಯದೆ ಹೊರಬಂದ ಆಮ್ಲಜನಕವನ್ನು ಹೊಗೆ ಪೈಪಿನ ಸೆನ್ಸರ್ ನೋಡಿ ‘ಪೆಟ್ರೋಲ್ ಸಾಲದು’ ಅಂತ ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲ್ ಏರಿಸಿದರೆ ತೊಂದರೆ ಇನ್ನೂ ಹೆಚ್ಚುತ್ತದೆ.

ಅಲ್ಲಿಂದ ‘ರಿಚ್’ ಮತ್ತು ‘ಲೀನ್’. ಶ್ರೀಮಂತ, ಬಡ ಅಂತ ಯಾರೂ ಬರೆಯಬೇಡಿ, ದಯವಿಟ್ಟು. ರಾಗಿ ಅಂಬಲಿಯ ಹಾಗೆ ‘ಗಟ್ಟಿ’, ‘ತೆಳು’ ಅಂದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತದೆ: ಪೆಟ್ರೋಲ್ ಜಾಸ್ತಿ ಇದ್ದರೆ ಗಟ್ಟಿ, ಕಡಿಮೆ ಇದ್ದರೆ ತೆಳು. ಬೂಸ್ಟ್‌ನಲ್ಲಿ ಗಾಡಿ ಬೇಕೆಂದೇ ಗಟ್ಟಿ ಮಿಶ್ರಣದಲ್ಲಿ ಓಡಬೇಕು. ಒಂದು ಪಾಲು ಬರೀ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಸಮ ಅಳತೆ ತೂಕದಲ್ಲಿ 14.7 ಪಾಲು ಗಾಳಿ, ಬೂಸ್ಟ್‌ನಲ್ಲಿ ಸುಮಾರು 11.5ರಿಂದ 12ಕ್ಕೆ ಇಳಿಸುತ್ತಾರೆ. ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗೆ ಸಮ ಅಳತೆಯೇ ಸುಮಾರು 13.5. ಹಾಗಾಗಿ ಹಾಳೆಯಲ್ಲಿ ಈ ಅಂಕಿಗಳ ಬದಲು ಲ್ಯಾಂಬ್ಡಾ (ಇರುವ ಗಾಳಿಯನ್ನು ಸಮ ಅಳತೆಯ ಗಾಳಿಯಿಂದ ಭಾಗಿಸಿದ್ದು) ಬರೆದಿದ್ದೇನೆ, ಅಲ್ಲಿ ಯಾವ ಪೆಟ್ರೋಲಾದರೂ ಸಮ ಅಂದರೆ 1. ಲ್ಯಾಂಬ್ಡಾಗೆ ಕನ್ನಡ ಬೇಡ.

ನನಗೆ ಅತಿ ಹೆಚ್ಚು ಚಿಂತೆ ತಂದ ಪದ ‘ಬ್ಯಾಕ್ ಕಂಪ್ರೆಷನ್’. ಲಾರಿ ಮೆಕ್ಯಾನಿಕ್‌ಗಳಿಂದ ಬಂದ ಮಾತು. ಪಿಸ್ಟನ್ ರಿಂಗ್ ಸವೆದು, ಸಿಲಿಂಡರಿನ ಒತ್ತಡ ಕೆಳಗಿನ ಆಯಿಲ್ ಚೇಂಬರಿಗೆ ನುಗ್ಗಿ, ಆ ಚೇಂಬರಿನ ಗಾಳಿ ಹೊರಬಿಡುವ ಬ್ರೀದರಿನಲ್ಲಿ ಹೊಗೆ ಬರುವುದು ಅಂತ ಅರ್ಥ. ಮೊನ್ನೆ ಇದೇ ಗಾಡಿಯಲ್ಲಿ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ಮೇಲಕ್ಕೆ ಎದ್ದು, ಸುತ್ತ ಎಣ್ಣೆ ಹಾರಿತ್ತು. ಹುಡುಗ ನೋಡಿದ್ದೇ “ಅಣ್ಣಾ, ಬ್ಯಾಕ್ ಕಂಪ್ರೆಷನ್ ಐತೆ, ಎಂಜಿನ್ ಇಳಿಸಬೇಕು” ಅಂದ. ಮೇಸ್ತ್ರಿ ಮೊದಲು ಕಂಪ್ರೆಷನ್ ಅಳೆಯಲು ಹೇಳಿದರು. ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಸಮ. ಮೇಸ್ತ್ರಿ ಪಿಸಿವಿ ವಾಲ್ವ್ (ಚೇಂಬರಿನ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವುದು) ಬಿಚ್ಚಿ ಬಾಯಿಂದ ಊದಿದರು. ಅದು ಎರಡೂ ಕಡೆ ಗಾಳಿ ಬಿಡುತ್ತಿತ್ತು. ಒಂದೇ ಕಡೆ ಬಿಡಬೇಕಾದ್ದು ಅದು. ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನ ಗಾಳಿ ಆ ದಾರಿಯಲ್ಲೇ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಸಣ್ಣ ವಾಲ್ವ್ ಒಂದರ ಕೆಲಸ, ಎಂಜಿನ್ ಇಳಿಸುವ ಮಾತೇ ಇಲ್ಲ.

ಅಂದರೆ ‘ಬ್ಯಾಕ್ ಕಂಪ್ರೆಷನ್’ ಅನ್ನುವ ಪದದಲ್ಲೇ ತೀರ್ಪು ಸೇರಿಕೊಂಡಿದೆ. ಕಣ್ಣಿಗೆ ಕಂಡದ್ದು ಆಯಿಲ್ ಚೇಂಬರಿನಲ್ಲಿ ಒತ್ತಡ, ಅಷ್ಟೇ. ಕಾರಣ ರಿಂಗೂ ಇರಬಹುದು, ವಾಲ್ವೂ ಇರಬಹುದು. ಕಾರಣ ಹೇಳದೆ ಕಂಡದ್ದನ್ನು ಮಾತ್ರ ಹೇಳುವ ಪದ ಬೇಕು. ‘ಚೇಂಬರ್ ಒತ್ತಡ’ ಅಂತ ಬರೆದಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ತಿಳಿಸಿ.

ಒತ್ತಡದ ಬಗ್ಗೆಯೇ ಕೊನೆಯ ಪ್ರಶ್ನೆ. ಟೈರಿಗೆ 32 ಪಿಎಸ್‌ಐ ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚು ಅಂತ. ಬೂಸ್ಟ್ 6 ಪಿಎಸ್‌ಐ ಅನ್ನುವುದೂ ಹಾಗೇ. ಸ್ಕ್ಯಾನರ್ ತೋರಿಸುವುದು ಮಾತ್ರ ಸೊನ್ನೆಯಿಂದ ಎಣಿಸಿದ ಒತ್ತಡ, ಅದೂ ಕಿಲೋಪ್ಯಾಸ್ಕಲ್‌ನಲ್ಲಿ. ಕೋಲಾರ ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಎಂಜಿನ್ ನಿಂತಿದ್ದಾಗ ಇಲ್ಲಿ ಸುಮಾರು 92 ತೋರಿಸುತ್ತದೆ, ಚೆನ್ನೈಯಲ್ಲಿ ಸುಮಾರು 101. ಹಾಗಾಗಿ 6 ಪಿಎಸ್‌ಐ ಬೂಸ್ಟ್ ಇಲ್ಲಿ 133 ಆಸುಪಾಸು, ಅಲ್ಲಿ 142. ಗೊತ್ತಿಲ್ಲದವರು ಇಲ್ಲಿ ಬೆಲ್ಟ್ ಜಾರುತ್ತಿದೆ ಅಂದುಕೊಂಡು ಬಿಗಿ ಮಾಡುತ್ತಾ ಹೋಗಬಹುದು. ಸ್ಕ್ಯಾನರಿನದು ‘ಒಟ್ಟು ಒತ್ತಡ’, ಗೇಜಿನದು ‘ಮೇಲೊತ್ತಡ’ ಅಂತ ಇಟ್ಟುಕೊಂಡಿದ್ದೇನೆ. ‘ನಿರಪೇಕ್ಷ ಒತ್ತಡ’ ಪಠ್ಯಪುಸ್ತಕದಲ್ಲಿ ಓದಲು ಸರಿ, ಕೈಗೆ ಗ್ರೀಸ್ ಹತ್ತಿಕೊಂಡವರ ಬಾಯಿಗೆ ಬರುವುದಿಲ್ಲ. ‘ಮೇಲೊತ್ತಡ’ ಕೇಳಿದರೆ ಮೇಲಿಂದ ಒತ್ತುವುದು ಅಂತ ತಪ್ಪು ತಿಳಿಯುವ ಹಾಗಿದೆಯಾ, ಹೇಳಿ.

ಸದ್ದಿನ ಪದ ಕಳಿಸುವವರು ಊರಿನ ಜೊತೆ ಎಂಜಿನ್ ಐಡ್ಲಿಂಗ್‌ನಲ್ಲಿತ್ತೋ ಲೋಡ್‌ನಲ್ಲಿತ್ತೋ ಅನ್ನುವುದನ್ನೂ ಬರೆಯಿರಿ. ಅದಿಲ್ಲದೆ ಯಾವ ಸಾಲಿಗೆ ಸೇರಿಸಬೇಕು ಅಂತ ನನಗೆ ಗೊತ್ತಾಗುವುದಿಲ್ಲ.