‘ರಾಷ್ಟ್ರೀಯ ವಿಪತ್ತು’ ಎಂದು ಘೋಷಿಸಿದರೆ ನಿಜಕ್ಕೂ ಏನು ಬದಲಾಗುತ್ತದೆ?

ಗಂಗಾವಳಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2018ರಲ್ಲಿ ಕೇರಳ ಮುಳುಗಿದಾಗಲೂ, 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದಾಗಲೂ ‘ಇದನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿ’ ಎಂಬ ಬೇಡಿಕೆ ಕೇಳಿಬಂತು. ಅಂಥ ಘೋಷಣೆಗೆ ಕಾನೂನಿನಲ್ಲಿ ಆಧಾರವಿದೆಯೇ? ಘೋಷಿಸಿದರೆ ರಕ್ಷಣಾ ಕಾರ್ಯದ ಹೊಣೆ ದೆಹಲಿಗೆ ಹೋಗುತ್ತದೆಯೇ, ಅಥವಾ ಹೆಚ್ಚು ಹಣ ಬರುತ್ತದೆಯೇ? ವಯನಾಡಿಗೆ ಎರಡು ವಾರ ಮೊದಲು ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ), ಎಸ್‌ಡಿಆರ್‌ಎಫ್ (ರಾಜ್ಯದ ಅಂಥದೇ ಪಡೆ), ನೌಕಾಪಡೆಯ ಮುಳುಗುಗಾರರು, ಬೆಳಗಾವಿಯಿಂದ ಬಂದ ಸೇನಾ ತುಕಡಿ ಎಲ್ಲರೂ ಒಂದೇ ಹೆದ್ದಾರಿಯ ಮೇಲೆ ನಿಂತಿದ್ದರು. ಅಷ್ಟು ಜನರಲ್ಲಿ ಅಂತಿಮ ಮಾತು ಯಾರದು ಎಂಬುದು ನೋಡುತ್ತಿದ್ದ ನಮಗೆ ತಿಳಿಯಲೇ ಇಲ್ಲ. ಬಲ್ಲವರು ವಿವರಿಸಬೇಕಾಗಿ ವಿನಂತಿ.

ಧಾರವಾಡದ ವಕೀಲೆ

ತಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಆಧಾರವಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ‘ವಿಪತ್ತು’ ಎಂಬುದಕ್ಕೆ ವ್ಯಾಖ್ಯೆಯಿದೆ. ಬಾಧಿತ ಪ್ರದೇಶದ ಜನಸಮುದಾಯ ತನ್ನ ಶಕ್ತಿಯಿಂದ ನಿಭಾಯಿಸಲಾಗದಷ್ಟು ದೊಡ್ಡ ಅನಾಹುತ ಎಂಬುದು ಅದರ ತಿರುಳು. ‘ರಾಷ್ಟ್ರೀಯ ವಿಪತ್ತು’ ಎಂಬ ವರ್ಗ ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಕೇಂದ್ರ ಸರ್ಕಾರ ಹೆಚ್ಚೆಂದರೆ ಒಂದು ಅನಾಹುತವನ್ನು ‘ತೀವ್ರ ಸ್ವರೂಪದ್ದು’ ಎಂದು ಪರಿಗಣಿಸುತ್ತದೆ. ವಯನಾಡಿನ ವಿಷಯದಲ್ಲಿ ಆ ಮಾತು ಬಂದದ್ದು ದುರಂತ ನಡೆದು ಐದು ತಿಂಗಳ ಮೇಲೆ, ಡಿಸೆಂಬರ್ ಕೊನೆಯಲ್ಲಿ. ಇದಕ್ಕೆ ಅಳತೆಗೋಲು ಬೇಕೆಂಬ ಚರ್ಚೆ ಹಳೆಯದು. ಹತ್ತನೆಯ ಹಣಕಾಸು ಆಯೋಗ ಇದನ್ನು ಪರಿಶೀಲಿಸಿ, ಪ್ರತಿ ಪ್ರಕರಣವನ್ನೂ ಪ್ರತ್ಯೇಕವಾಗಿಯೇ ತೀರ್ಮಾನಿಸಬೇಕಾಗುತ್ತದೆ ಎಂದು ಹೇಳಿ ಬಿಟ್ಟಿತು.

ವ್ಯವಸ್ಥೆಯ ತಳಪಾಯವೇ ಬೇರೆ. ಮೊದಲ ಹೊಣೆ ರಾಜ್ಯದ್ದು, ಕೇಂದ್ರದ್ದು ಅದಕ್ಕೆ ಪೂರಕವಾದ ನೆರವು. ಪ್ರಧಾನಿಯವರ ಅಧ್ಯಕ್ಷತೆಯ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನೀತಿ ಮತ್ತು ಮಾರ್ಗಸೂಚಿಗಳನ್ನು ರೂಪಿಸುತ್ತದೆಯೇ ಹೊರತು ಗುಡ್ಡ ಕುಸಿದಲ್ಲಿಗೆ ಬಂದು ಆಜ್ಞೆ ಕೊಡುವುದಿಲ್ಲ. ಕೇಂದ್ರ ಗೃಹ ಕಾರ್ಯದರ್ಶಿಯವರ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಯಕಾರಿ ಸಮಿತಿ ಆ ನೀತಿಯನ್ನು ಜಾರಿಗೆ ತರುತ್ತದೆ. ರಾಜ್ಯದಲ್ಲಿ ಮುಖ್ಯಮಂತ್ರಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಪ್ರಾಧಿಕಾರದ ಅಧ್ಯಕ್ಷರು. ಕೇಂದ್ರವೇ ನೇರವಾಗಿ ಇಡೀ ದೇಶಕ್ಕೆ ಆಜ್ಞೆ ಹೊರಡಿಸಿದ ಪ್ರಸಂಗವನ್ನು ನಾವೆಲ್ಲ ಅನುಭವಿಸಿದ್ದೇವೆ: 2020ರ ಮಾರ್ಚ್ 24ರ ಲಾಕ್‌ಡೌನ್ ಆದೇಶ ಹೊರಬಿದ್ದದ್ದು ಇದೇ ಕಾಯ್ದೆಯ ಅಡಿಯಲ್ಲಿ. ಅಂದರೆ ಅಧಿಕಾರ ಕೇಂದ್ರದ ಬಳಿ ಇದೆ, ನೆರೆ ಮತ್ತು ಕುಸಿತಗಳಲ್ಲಿ ಅದನ್ನು ಹಾಗೆ ಬಳಸುವ ರೂಢಿಯಿಲ್ಲ.

ಹಣದ ಲೆಕ್ಕದಲ್ಲಿ ಜನರಿಗೆ ಹೆಚ್ಚು ಗೊಂದಲವಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರವು 75 ಶೇಕಡ ಕೊಡುತ್ತದೆ. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗಾದರೆ 90. ಅದು ಸಾಲದಿದ್ದಾಗ ರಾಜ್ಯವು ಮನವಿ ಪತ್ರ ಸಲ್ಲಿಸುತ್ತದೆ, ಕೇಂದ್ರದ ಅಧ್ಯಯನ ತಂಡ ಬಂದು ಹೋಗುತ್ತದೆ, ಗೃಹ ಸಚಿವರ ನೇತೃತ್ವದ ಉನ್ನತ ಮಟ್ಟದ ಸಮಿತಿ ರಾಷ್ಟ್ರೀಯ ನಿಧಿಯಿಂದ ಮೊತ್ತವನ್ನು ಮಂಜೂರು ಮಾಡುತ್ತದೆ. ಮಂಜೂರಾದುದರಲ್ಲಿ ರಾಜ್ಯದ ನಿಧಿಯಲ್ಲಿ ಉಳಿದಿರುವ ಹಣದ ಅರ್ಧವನ್ನು ಕಳೆಯುವುದರಿಂದ, ಪತ್ರಿಕೆಯಲ್ಲಿ ಓದಿದ ಮೊತ್ತವೂ ಕೈಗೆ ಬಂದ ಮೊತ್ತವೂ ಬೇರೆಯಾಗಿರುತ್ತವೆ. ಇಷ್ಟೆಲ್ಲ ಆದರೂ ಅದು ತಕ್ಷಣದ ಪರಿಹಾರವೇ ಹೊರತು ಆದ ನಷ್ಟದ ಭರ್ತಿ ಅಲ್ಲ.

ನನ್ನನ್ನು ಕೇಳಿದರೆ ಕಳವಳಪಡಬೇಕಾದದ್ದು ಘೋಷಣೆಯ ಬಗ್ಗೆ ಅಲ್ಲ. ಸಂತ್ರಸ್ತರ ಸಾಲಕ್ಕೆ ರಿಯಾಯಿತಿ ನೀಡುವಂತೆ ರಾಷ್ಟ್ರೀಯ ಪ್ರಾಧಿಕಾರವು ಶಿಫಾರಸು ಮಾಡಬಹುದಾಗಿದ್ದ 13ನೇ ಕಲಮನ್ನು 2025ರ ತಿದ್ದುಪಡಿ ಕೈಬಿಟ್ಟಿದೆ. ವಯನಾಡಿನ ಸಂತ್ರಸ್ತರ ಸಾಲದ ವಿಚಾರ ಹೈಕೋರ್ಟಿನ ಮುಂದೆ ಇದ್ದಾಗಲೇ ಇದು ನಡೆಯಿತು, ಆದರೂ ಅದರ ಬಗ್ಗೆ ಬೀದಿಯಲ್ಲಿ ಒಂದು ಘೋಷಣೆಯೂ ಕೇಳಲಿಲ್ಲ.

ಕೃಷ್ಣಾ ದಂಡೆಯ ನಿವೃತ್ತ

ವಕೀಲರು ಮೇಲಿನ ಚಿತ್ರವನ್ನು ಕೊಟ್ಟಿದ್ದಾರೆ. ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದ ನಾನು ಕೆಳಗಿನದನ್ನು ಹೇಳುತ್ತೇನೆ. ಅಂತಿಮ ಮಾತು ಯಾರದು ಎಂಬ ತಮ್ಮ ಪ್ರಶ್ನೆಗೆ ಉತ್ತರ, ಜಿಲ್ಲಾಧಿಕಾರಿಗಳದು. ಸೇನೆ, ನೌಕಾಪಡೆಗಳು ನಾಗರಿಕ ಆಡಳಿತದ ಕೋರಿಕೆಯ ಮೇರೆಗೆ ಬರುತ್ತವೆ. ತಮ್ಮ ತುಕಡಿಗೆ ತಮ್ಮ ಅಧಿಕಾರಿಯೇ ಆಜ್ಞೆ ಕೊಡುತ್ತಾರಾದರೂ, ಎಲ್ಲಿ ಹುಡುಕಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಜಿಲ್ಲಾಡಳಿತದೊಂದಿಗೆ ಕೂತೇ ನಿರ್ಧರಿಸುತ್ತಾರೆ. ಎನ್‌ಡಿಆರ್‌ಎಫ್‌ನ 16 ಬೆಟಾಲಿಯನ್‌ಗಳಲ್ಲಿ ನಮ್ಮ ರಾಜ್ಯವನ್ನು ನೋಡಿಕೊಳ್ಳುವ ಹತ್ತನೆಯದರ ನೆಲೆ ಇರುವುದು ವಿಜಯವಾಡದ ಬಳಿ. ಆದಕಾರಣವೇ ಮಳೆಗಾಲದ ಮುನ್ನ ತಂಡಗಳನ್ನು ತಂದು ಜಿಲ್ಲೆಗಳಲ್ಲಿ ಇರಿಸುತ್ತಾರೆ.

ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿ ಬಂದ ರಾತ್ರಿ ದೆಹಲಿಯ ಯಾವ ಸಮಿತಿಯೂ ನೆನಪಾಗುವುದಿಲ್ಲ. ಕಾಳಜಿ ಕೇಂದ್ರ ಮಾಡಬೇಕಾದ ಶಾಲೆಯ ಬೀಗದ ಕೈ ಯಾರ ಮನೆಯಲ್ಲಿದೆ, ಜೆಸಿಬಿ ಮಾಲೀಕರು ಫೋನ್ ಎತ್ತುತ್ತಾರೆಯೇ, ದನಗಳಿಗೆ ಮೇವು ಎಲ್ಲಿಂದ ಎಂಬುದೇ ಚಿಂತೆ. ಜನ ದನಗಳನ್ನು ಬಿಟ್ಟು ಬರಲು ಒಪ್ಪುವುದಿಲ್ಲ, ಮೇವಿಲ್ಲದ ಕಾಳಜಿ ಕೇಂದ್ರ ಖಾಲಿಯಾಗಿಯೇ ಇರುತ್ತದೆ. ನೀರು ಇಳಿದ ಮೇಲೆ ಗ್ರಾಮ ಲೆಕ್ಕಿಗರು, ಎಂಜಿನಿಯರು, ಪಿಡಿಒ ಸೇರಿ ಮಹಜರು ಮಾಡುತ್ತಾರೆ. ಒದ್ದೆ ಗೋಡೆಯ ಮುಂದೆ ಮನೆಯೊಡತಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದು, ಹಾನಿಯ ಪ್ರಮಾಣದಂತೆ ಮನೆ ಎ (ಪೂರ್ಣ ಬಿದ್ದದ್ದು), ಬಿ, ಸಿ ಯಾವ ವರ್ಗ ಎಂದು ಬರೆಯುತ್ತಾರೆ. ಮಣ್ಣಿನ ಗೋಡೆ ಆ ದಿನ ನಿಂತಿದ್ದು, ಬಿಸಿಲು ಬಿದ್ದು ಒಣಗಿದ ಮೇಲೆ ಬಿರುಕು ಬಿಟ್ಟು ಕುಸಿದರೆ, ಮೊದಲ ಮಹಜರಿನಲ್ಲಿ ಬರೆದ ವರ್ಗವನ್ನು ಬದಲಿಸಲು ಆ ತಾಯಿ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕೆಂದು ಹೇಳತೀರದು. ಕೇಂದ್ರದ 2022ರ ಮಾರ್ಗಸೂಚಿಯಂತೆ ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1.2 ಲಕ್ಷ ರೂಪಾಯಿ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ 5 ಲಕ್ಷ ಕೊಟ್ಟಿತು. ಎ ಮತ್ತು ಬಿ ನಡುವಿನ ಗೆರೆಗೆ ಬೆಲೆ ಬಂದದ್ದೂ, ಜಗಳಗಳು ಹೆಚ್ಚಿದ್ದೂ ಆಗಲೇ.

ಭುವನೇಶ್ವರದ ಕನ್ನಡಿಗ

ಒಡಿಶಾದಲ್ಲಿ ನೆಲೆಸಿರುವವನಾಗಿ ಒಂದು ವಿಷಯ ಸೇರಿಸುತ್ತೇನೆ. 1999ರ ಮಹಾ ಚಂಡಮಾರುತದಲ್ಲಿ ಇಲ್ಲಿ ಸುಮಾರು 10,000 ಮಂದಿ ಸತ್ತರು. ರಾಜ್ಯವು ಅದೇ ವರ್ಷ ತನ್ನದೇ ವಿಪತ್ತು ಪ್ರಾಧಿಕಾರವನ್ನು ಕಟ್ಟಿತು, ಕೇಂದ್ರದ ಕಾಯ್ದೆ ಬರುವುದಕ್ಕೆ ಆರು ವರ್ಷ ಮೊದಲೇ. 2019ರಲ್ಲಿ ಫನಿ ಚಂಡಮಾರುತ ಬಂದಾಗ 12 ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ 64. ಹವಾಮಾನ ಇಲಾಖೆ ದಿನಗಳ ಮೊದಲೇ ಚಂಡಮಾರುತದ ಹಾದಿಯನ್ನು ಹೇಳಬಲ್ಲದು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳಿವೆ, ಊರಿನ ಸ್ವಯಂಸೇವಕರಿಗೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ನಡೆಯಲಾರರು ಎಂಬುದು ಗೊತ್ತಿದೆ.

ಭೂಕುಸಿತಕ್ಕೆ ಇಂಥ ಸರಪಳಿ ಇನ್ನೂ ಕೂಡಿಬಂದಿಲ್ಲ. ಶಿರೂರಿನ ಗುಡ್ಡ ಬಿದ್ದದ್ದು ಜುಲೈ 16ಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಉದ್ಘಾಟಿಸಿದ್ದು ಜುಲೈ 19ಕ್ಕೆ. ಅದು ಆಗ ಸೂಚನೆ ಕೊಡಲು ಆರಂಭಿಸಿದ್ದು ಡಾರ್ಜಿಲಿಂಗ್, ಕಾಲಿಂಪಾಂಗ್ ಮತ್ತು ನೀಲಗಿರಿ ಜಿಲ್ಲೆಗಳಿಗೆ. ಉತ್ತರ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹದಿನೈದನೆಯ ಹಣಕಾಸು ಆಯೋಗ 2021–26ರ ಅವಧಿಗೆ ವಿಪತ್ತು ನಿಧಿಯ 20 ಶೇಕಡವನ್ನು ಅಪಾಯ ತಗ್ಗಿಸುವ ಕೆಲಸಕ್ಕೆಂದೇ ತೆಗೆದಿರಿಸಿತ್ತು. ಹೆದ್ದಾರಿಗೆಂದು ಕಡಿದಾಗಿ ಕೊರೆದ ಗುಡ್ಡಗಳನ್ನು ಭದ್ರಪಡಿಸುವಂಥ ಕೆಲಸ ನಡೆಯಬೇಕಾದದ್ದು ಆ ಬಾಬತ್ತಿನಲ್ಲಿ.

ಗಂಗಾವಳಿ ತೀರ

ಮೂವರಿಗೂ ಧನ್ಯವಾದಗಳು. ಕೊನೆಯ ಪ್ರಶ್ನೆ: ಬರಗಾಲವೂ ಇದೇ ದಾರಿಯಲ್ಲಿ ಬರುತ್ತದೆಯೇ?

ಧಾರವಾಡದ ವಕೀಲೆ

ನಿಧಿ ಅದೇ, ಬಾಗಿಲು ಬೇರೆ. ನೆರೆ, ಕುಸಿತಗಳ ಮನವಿ ಗೃಹ ಸಚಿವಾಲಯಕ್ಕೆ ಹೋದರೆ ಬರದ್ದು ಮೊದಲು ಕೃಷಿ ಸಚಿವಾಲಯಕ್ಕೆ ಹೋಗುತ್ತದೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಿಸಿದ ಕರ್ನಾಟಕವು 18,171 ಕೋಟಿ ರೂಪಾಯಿ ಕೇಳಿ, ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಕೇಳಿದ್ದರಲ್ಲಿ ಬೆಳೆ ನಷ್ಟದ ಬಾಬ್ತು ಸುಮಾರು 4,663 ಕೋಟಿ ಮಾತ್ರ. ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆಂದು 12,577 ಕೋಟಿ ಕೇಳಲಾಗಿತ್ತು, ವಿವಾದದ ಗಂಟು ಇದ್ದದ್ದು ಅಲ್ಲಿ.